ಮಾರುವವನು ಎಷ್ಟು ಹೇಳಬೇಕು?

ಮಡಕಶಿರಾದ ನಮ್ಮ ಮನೆಯ ಹಿತ್ತಿಲಲ್ಲಿ, ಹೊಂಗೆಯ ಮರದ ನೆರಳಿನಲ್ಲಿ, ಹಳೆಯದೊಂದು ಫಿಯೆಟ್ ಮೋಟಾರು ನಿಂತಿದೆ. ಅದನ್ನು ಮಾರಬೇಕಾಗಿದೆ. ಮಾರುವುದರಲ್ಲಿ ದೋಷವೇನೂ ಇಲ್ಲ. ಕೊಳ್ಳಲು ಬಯಸುವವರೂ ಇದ್ದಾರೆ. ತೊಡಕು ಇರುವುದು ಬೇರೆಡೆಯಲ್ಲಿ. ಅದರ ಇಂಜಿನು ಬೋರಿಗೆ ಬಂದಿದೆಯೆಂಬುದು ನಮಗೆ ಗೊತ್ತು, ಕೊಳ್ಳುವವರಿಗೆ ಗೊತ್ತಿಲ್ಲ. ಇಷ್ಟು ಸಣ್ಣ ಸಂಗತಿಯನ್ನು ಹಿಡಿದು ನೀತಿಯ ವಿಚಾರವನ್ನು ಬೆಳೆಸುವುದು ಉಚಿತವೇ ಎಂದು ವಾಚಕರು ಕೇಳಬಹುದು. ದೊಡ್ಡ ಧರ್ಮಸಂಕಟಗಳು ನಮ್ಮಂಥವರ ಬಾಳಿನಲ್ಲಿ ಒದಗುವುದು ಅಪರೂಪ. ಹಿತ್ತಿಲಿನಲ್ಲಿ ನಿಂತಿರುವುದು ಇದೊಂದೇ ಆದುದರಿಂದ ಇದನ್ನು ಕುರಿತೇ ಬರೆಯುತ್ತಿದ್ದೇವೆ.

ಗಾಡಿಯ ಕುಲಗೋತ್ರವನ್ನು ಮೊದಲು ಹೇಳಿಬಿಡೋಣ. ಇಟಲಿಯ ಟ್ಯೂರಿನ್ ನಗರದ ಫಿಯೆಟ್ ಸಂಸ್ಥೆಯ 1100 ಮಾದರಿಯನ್ನು, ವಾಲ್‌ಚಂದ್ ಹೀರಾಚಂದರು ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪೆನಿಯು ಮುಂಬಯಿಯ ಕುರ್ಲಾದಲ್ಲಿ 1950ರ ದಶಕದಿಂದ ತಯಾರಿಸುತ್ತ ಬಂದಿತು. 1964ರಲ್ಲಿ ಬಂದದ್ದು ‘ಡಿಲೈಟ್’. ಅದೇ ಗಾಡಿ 1970ರ ದಶಕದಲ್ಲಿ ಹೆಸರು ಬದಲಿಸಿಕೊಂಡು ‘ಪ್ರೀಮಿಯರ್ ಪದ್ಮಿನಿ’ಯಾಯಿತು. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಗಳಲ್ಲಿ ಕೊನೆಯ ಪದ್ಮಿನಿಯು ಬೀದಿಯನ್ನು ಬಿಟ್ಟದ್ದು 2023ರ ಅಕ್ಟೋಬರಿನಲ್ಲಿ. ನಮ್ಮದು ಡಿಲೈಟ್, ನಾಲ್ಕು ಸಿಲಿಂಡರು, 1089 ಘನ ಸೆಂಟಿಮೀಟರಿನ ಇಂಜಿನು. ಇದನ್ನು ಪಂದ್ಯದ ಮೋಟಾರು ಎನ್ನುವುದು ಅತಿಶಯೋಕ್ತಿಯೇ ಸರಿ. ಆದರೂ 1100ರ ಬಳಗದ ಗಾಡಿಗಳು ಇಟಲಿಯ ಮಿಲ್ಲೆ ಮೀಲ್ಯ ಎಂಬ ಸಾವಿರ ಮೈಲಿಯ ಪಂದ್ಯದಲ್ಲಿಯೂ, ನಮ್ಮಲ್ಲಿ ಮದರಾಸಿನ ಬಳಿಯ ಶೋಲಾವರಂ ವಿಮಾನಪಟ್ಟಿಯ ಮೇಲೆಯೂ ಓಡಿದ್ದುಂಟು. ನೋಡಲು ಬಂದವರಿಗೆಲ್ಲ ಈ ಮಾತನ್ನು ಹೇಳಲು ನಾವು ಒಮ್ಮೆಯೂ ಮರೆಯಲಿಲ್ಲ. ಗುಣವನ್ನು ಹೇಳಲು ನಮಗೆ ಯಾರ ಪ್ರಶ್ನೆಯೂ ಬೇಕಾಗಲಿಲ್ಲವೆಂಬುದನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

‘ಬೋರಿಗೆ ಬಂದಿದೆ’ ಎಂಬ ಮಾತಿನ ಅರ್ಥವನ್ನು ವಿದ್ಯಾರ್ಥಿಗಳಿಗಾಗಿ ವಿವರಿಸುವುದು ಮೇಲು. ಇಂಜಿನಿನೊಳಗೆ ಕೊಳವೆಯಂತಹ ಸಿಲಿಂಡರುಗಳಿವೆ. ಒಂದೊಂದರಲ್ಲಿಯೂ ಒಂದೊಂದು ಪಿಸ್ಟನ್ನು ನಿಮಿಷಕ್ಕೆ ಸಾವಿರಾರು ಸಲ ಮೇಲೆ ಕೆಳಗೆ ಆಡುತ್ತಿರುತ್ತದೆ. ಪಿಸ್ಟನ್ನಿಗೂ ಗೋಡೆಗೂ ನಡುವಣ ಸಂದನ್ನು ರಿಂಗುಗಳು ಮುಚ್ಚಿರುತ್ತವೆ. ಬಹಳ ವರ್ಷ ಓಡಿದ ಮೇಲೆ ಗೋಡೆ ಸವೆದು, ದುಂಡಗಿದ್ದ ಕೊಳವೆಯು ಅಂಡಾಕಾರವನ್ನು ತಳೆಯುತ್ತದೆ. ಆಗ ಕೆಳಗಿನ ಆಯಿಲು ಮೇಲಕ್ಕೆ ನುಸುಳಿ ಪೆಟ್ರೋಲಿನೊಡನೆ ಉರಿದು ನೀಲಿಯ ಹೊಗೆಯಾಗಿ ಹೊರಬೀಳುತ್ತದೆ. ಗಾಡಿ ಆಯಿಲು ಕುಡಿಯುತ್ತಿದೆ ಎನ್ನುತ್ತಾರೆ. ಇದರ ಜೊತೆಗೆ ಕ್ರ್ಯಾಂಕಿನ ಬೇರಿಂಗುಗಳೂ ಸವೆದರೆ ಆಯಿಲಿನ ಒತ್ತಡ ಇಳಿದು ಒಳಗಿನಿಂದ ಬಡಿತ ಕೇಳಿಸತೊಡಗುತ್ತದೆ. ಇದನ್ನು ಲಕ್ಷಿಸದೆ ದೂರ ಓಡಿಸಿದರೆ ಇಂಜಿನು ದಾರಿಯ ನಡುವೆ ಹಿಡಿದುಕೊಂಡು ನಿಂತುಬಿಡುವುದೂ ಉಂಟು. ಮದ್ದು ಒಂದೇ: ಇಂಜಿನನ್ನು ಇಳಿಸಿ, ಬಿಚ್ಚಿ, ಸಿಲಿಂಡರುಗಳನ್ನು ಮತ್ತೆ ಕೊರೆಸಿ, ಅವಕ್ಕೆ ತಕ್ಕ ದೊಡ್ಡ ಪಿಸ್ಟನ್ನುಗಳನ್ನು ಹಾಕಿ, ಕ್ರ್ಯಾಂಕನ್ನು ಸಾಣೆ ಹಿಡಿಸಿ, ಪುನಃ ಕಟ್ಟುವುದು. ತಯಾರಿಕೆ ನಿಂತು ಎರಡು ದಶಕಗಳಿಗೂ ಮೇಲಾದ ಗಾಡಿಗೆ ಈ ಸಾಮಾನುಗಳನ್ನು ಹುಡುಕಬೇಕಾದರೆ ಬೆಂಗಳೂರನ್ನೆಲ್ಲ ಅಲೆಯಬೇಕು.

ಈ ಗಾಡಿಯನ್ನು ಬಹುಕಾಲದಿಂದ ನೋಡಿಕೊಂಡು ಬಂದ ಮೇಸ್ತ್ರಿಯು ನಮ್ಮ ಹಿತೈಷಿ. ನಮ್ಮ ಮಾಳಿಗೆಯ ಜಂತೆಗಳಿಗೆ ಗೆದ್ದಲು ಹತ್ತಿರುವುದೂ, ಮಳೆಗೆ ಮುಂಚೆ ಅದನ್ನು ಸರಿಪಡಿಸಲು ಹಣ ಬೇಕಾಗಿರುವುದೂ ಅವನಿಗೆ ಗೊತ್ತು. ಮೊದಲು ಅವನು ಕೊಟ್ಟ ಸಲಹೆ, ದಪ್ಪನೆಯ ಆಯಿಲು ತುಂಬಿಸುವುದು, ಗಿರಾಕಿ ಬರುವ ಅರ್ಧ ಗಂಟೆಗೆ ಮೊದಲೇ ಇಂಜಿನನ್ನು ಓಡಿಸಿ ಬಿಸಿ ಮಾಡಿಡುವುದು. ತಣ್ಣಗಿದ್ದ ಇಂಜಿನು ಹೊತ್ತಿಕೊಳ್ಳುವಾಗ ಹೊರಬೀಳುವ ಸದ್ದು ಹೊಗೆಗಳು ಹೀಗೆ ಮಾಡಿದರೆ ಬಹುಮಟ್ಟಿಗೆ ಅಡಗುತ್ತವೆಯಂತೆ. ಇದಕ್ಕೆ ನಾವು ಒಪ್ಪದಿದ್ದಾಗ ಅವನು ಬೇಸರಪಡದೆ ಎರಡನೆಯ ದಾರಿಯನ್ನು ತೋರಿಸಿದನು: “ಮೇಷ್ಟ್ರೇ, ಬಿಚ್ಚಿ ನೋಡಿದ್ರೆ ತಾನೇ ಗೊತ್ತಾಗೋದು? ಬಿಚ್ಚಿಸಬೇಡಿ. ಒಳಗೇನಿದೆಯೋ ಗೊತ್ತಿಲ್ಲ ಅಂದ್ರೆ ಸುಳ್ಳೇನಲ್ಲವಲ್ಲ.” ಕೊನೆಗೆ ಮೂರನೆಯದು: “ಹಳೇ ಗಾಡಿ, ಸಣ್ಣಪುಟ್ಟ ಕೆಲಸ ಇದ್ದೇ ಇರುತ್ತೆ ಅಂದುಬಿಡಿ. ಅದಕ್ಕಿಂತ ನಿಜ ಇನ್ನೇನು ಬೇಕು?”

ಮೊದಲನೆಯದನ್ನು ಬೇಡವೆನ್ನುವುದು ಕಷ್ಟವಾಗಲಿಲ್ಲ. ಅದು ಕೈಯಿಂದ ಮಾಡುವ ಸುಳ್ಳು. ಎರಡನೆಯದು ನಮ್ಮನ್ನು ಒಂದು ರಾತ್ರಿ ಕಾಡಿತು. ಅಜ್ಞಾನಕ್ಕೆ ಅಪರಾಧವಿಲ್ಲವೆಂದು ನಾವೆಲ್ಲ ನಂಬುತ್ತೇವೆ. ಆದರೆ ಕೈಯಳತೆಯಲ್ಲಿದ್ದ ಅರಿವನ್ನು ಬೇಕೆಂದೇ ಬಾರದಂತೆ ತಡೆದು, ಆ ಮೇಲೆ ‘ಅರಿಯೆ’ ಎನ್ನುವವನಿಗೆ ಈ ಮನ್ನಣೆ ಸಲ್ಲುವುದೇ? ಉತ್ತರಪತ್ರಿಕೆಯನ್ನು ತಿದ್ದದೆ ಕಟ್ಟಿಟ್ಟು, ಹುಡುಗ ಉತ್ತೀರ್ಣನೋ ಅಲ್ಲವೋ ತನಗೆ ತಿಳಿಯದೆಂದು ಹೇಳುವ ಉಪಾಧ್ಯಾಯನನ್ನು ನಾವು ಸತ್ಯವಂತನೆನ್ನುವುದಿಲ್ಲ. ಮೂರನೆಯ ಸಲಹೆಯೇ ಎಲ್ಲಕ್ಕಿಂತ ಅಪಾಯಕರವಾದದ್ದು, ಏಕೆಂದರೆ ಅದರ ಪ್ರತಿಯೊಂದು ಪದವೂ ನಿಜ. ಹಳೆಯ ಗಾಡಿ ಹೌದು. ಕೆಲಸ ಇರುವುದೂ ಹೌದು. ಸಾಮಾನ್ಯವಾದ ನಿಜವೊಂದನ್ನು ಮುಂದೆ ನಿಲ್ಲಿಸಿ ವಿಶೇಷವಾದ ನಿಜವನ್ನು ಅದರ ಬೆನ್ನ ಹಿಂದೆ ಅಡಗಿಸುವ ಈ ಉಪಾಯವನ್ನು ನಾವು ವ್ಯಾಪಾರದಲ್ಲಿ ಮಾತ್ರವಲ್ಲ, ಹೆಣ್ಣು ಗಂಡುಗಳ ಸಂಬಂಧ ಕುದುರಿಸುವಲ್ಲಿಯೂ, ಶಿಫಾರಸು ಪತ್ರ ಬರೆಯುವಲ್ಲಿಯೂ ಧಾರಾಳವಾಗಿ ಬಳಸುತ್ತೇವೆ. ಸ್ವತಃ ನಾವೂ ಬಳಸಿದ್ದೇವೆ.

ಕೊಳ್ಳಲು ಬಂದವನು ನಮ್ಮಲ್ಲಿಯೇ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ. ಈಗ ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ನಾಲ್ಕಾರು ಯಂತ್ರಗಳನ್ನಿಟ್ಟುಕೊಂಡು ಮರ್ಯಾದೆಯಿಂದ ಬದುಕುತ್ತಿದ್ದಾನೆ. ಚಿಕ್ಕಂದಿನಲ್ಲಿ ಅವನ ತಂದೆಯನ್ನು ಆಸ್ಪತ್ರೆಗೆ ಕರೆದೊಯ್ದದ್ದು ಈ ಗಾಡಿಯಲ್ಲಿಯೇ. ಆ ಋಣಕ್ಕೋ ಪ್ರೀತಿಗೋ ಅವನಿಗೆ ಇದೇ ಬೇಕು. ಬಾನೆಟ್ಟನ್ನು ಎತ್ತಿ ನೋಡೆಂದು ಹೇಳಿದರೆ ಅವನು ನಕ್ಕು, “ಸಾರ್, ನೀವು ಕೊಡೋ ಗಾಡೀನ ನಾನು ನೋಡೋದೇನಿದೆ? ತೊಂದರೆ ಇದ್ದಿದ್ರೆ ನೀವೇ ಹೇಳ್ತಿದ್ರಿ” ಎಂದನು. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಪಾವಗಡ, ಕಲ್ಯಾಣದುರ್ಗಗಳ ದಾರಿಯಲ್ಲಿ ತಾನೇ ಓಡಿಸಿಕೊಂಡು ಹೋಗುವೆನೆಂದನು. ಅದು ನೂರು ಕಿಲೋಮೀಟರಿಗೂ ಮೀರಿದ ದಾರಿ. ಅಂದು ನಾವು ಸುಮ್ಮನಿದ್ದೆವು. ಅವನು ಕೈಗಿತ್ತ ಮುಂಗಡವನ್ನೂ ತೆಗೆದುಕೊಂಡೆವು.

ಕಾನೂನು ಏನೆನ್ನುತ್ತದೆಂದು ನೋಡುವ ಚಪಲ ಆ ರಾತ್ರಿ ಹುಟ್ಟಿತು. (ತಪ್ಪು ಮಾಡಿದವನೇ ಕಾನೂನಿನ ಪುಸ್ತಕವನ್ನು ಮೊದಲು ತೆರೆಯುವುದು.) 1930ರ ಸರಕು ಮಾರಾಟದ ಅಧಿನಿಯಮವು ಸಾಮಾನ್ಯವಾಗಿ ಕೊಳ್ಳುವವನೇ ಎಚ್ಚರವಾಗಿರಬೇಕೆನ್ನುತ್ತದೆ. 1872ರ ಭಾರತೀಯ ಕರಾರು ಅಧಿನಿಯಮದ 17ನೆಯ ಪ್ರಕರಣವು, ಬರಿಯ ಮೌನ ವಂಚನೆಯಲ್ಲವೆಂದು ಹೇಳಿ ಒಂದು ಕುದುರೆಯ ದೃಷ್ಟಾಂತವನ್ನು ಕೊಡುತ್ತದೆ. ರೋಗವಿರುವ ಕುದುರೆಯನ್ನು ಅದರ ಒಡೆಯನು ಹರಾಜಿನಲ್ಲಿ ಮಾರಿ, ಆ ವಿಷಯವಾಗಿ ಏನನ್ನೂ ಹೇಳದಿದ್ದರೆ ಅದು ವಂಚನೆಯಲ್ಲ. ಓದಿ ನಮ್ಮ ಮನಸ್ಸು ಹಗುರವಾಯಿತು. ಮುಂದಿನ ಸಾಲುಗಳಿಗೆ ಬಂದಾಗ ಮತ್ತೆ ಭಾರವಾಯಿತು. ಕೊಳ್ಳುವವಳು ಆಗತಾನೆ ಪ್ರಾಪ್ತವಯಸ್ಕಳಾದ ಅವನ ಮಗಳೇ ಆಗಿದ್ದರೆ, ಆ ಸಂಬಂಧದಿಂದಲೇ ಅವನಿಗೆ ಹೇಳುವ ಹೊಣೆ ಉಂಟಾಗುತ್ತದೆ. ಮತ್ತೊಂದು ದೃಷ್ಟಾಂತದಲ್ಲಿ, ನೀನು ಅಲ್ಲಗಳೆಯದಿದ್ದರೆ ಕುದುರೆ ಸರಿಯಾಗಿದೆಯೆಂದು ತಿಳಿಯುತ್ತೇನೆಂದು ಕೊಳ್ಳುವವನು ಹೇಳುತ್ತಾನೆ, ಮಾರುವವನು ಮಾತಾಡುವುದಿಲ್ಲ. ಅಲ್ಲಿ ಅವನ ಮೌನವು ಮಾತಿಗೆ ಸಮ. ಬ್ರಿಟಿಷರ ಕಾಲದಲ್ಲಿ ಕುದುರೆಯನ್ನು ಕುರಿತು ಬರೆದ ಸಾಲುಗಳು ನಮ್ಮ ಹಿತ್ತಿಲಿನ ಫಿಯೆಟ್ಟನ್ನು ನೋಡಿ ಬರೆದಂತೆ ಇದ್ದುವು. ರಾಯದುರ್ಗದ ಹುಡುಗ ಆಡಿದ್ದು ಆ ಕೊಳ್ಳುವವನ ಮಾತನ್ನೇ. ನಮಗೂ ಅವನಿಗೂ ಇರುವ ಸಂಬಂಧ ತಂದೆ ಮಗಳದ್ದಲ್ಲದಿದ್ದರೂ ಅದರಿಂದ ಬಹು ದೂರದ್ದೂ ಅಲ್ಲ.

ಆದರೆ ಕಾನೂನಿನಿಂದ ಪ್ರಶ್ನೆ ತೀರಲಿಲ್ಲ. ನಂಬಿದವನಿಗೆ ಹೇಳಬೇಕು, ಸರಿ. ನಂಬದವನಿಗೆ? ಹರಾಜಿನಲ್ಲಿ ನಿಂತ ಅಪರಿಚಿತನಿಗೆ? ಇದು ಎರಡು ಸಾವಿರ ವರ್ಷದ ಹಳೆಯ ಜಗಳ. ರೋಮಿನ ಸಿಸೆರೊ ಕ್ರಿಸ್ತಪೂರ್ವ 44ರಲ್ಲಿ ಕರ್ತವ್ಯಗಳನ್ನು ಕುರಿತು ಬರೆದ ಗ್ರಂಥದ ಮೂರನೆಯ ಭಾಗದಲ್ಲಿ ಇದನ್ನು ಎತ್ತುತ್ತಾನೆ. ರೋಡ್ಸ್ ದ್ವೀಪದಲ್ಲಿ ಕ್ಷಾಮ. ಅಲೆಕ್ಸಾಂಡ್ರಿಯದಿಂದ ಒಬ್ಬ ವರ್ತಕ ಧಾನ್ಯದ ಹಡಗಿನೊಡನೆ ಮೊದಲು ಬಂದಿಳಿಯುತ್ತಾನೆ. ಹಿಂದೆ ಇನ್ನೂ ಅನೇಕ ಹಡಗುಗಳು ಬರುತ್ತಿರುವುದನ್ನು ಅವನು ಕಂಡಿದ್ದಾನೆ. ಅದನ್ನು ಹೇಳಬೇಕೇ, ಅಥವಾ ಹೇಳದೆ ಹೆಚ್ಚಿನ ಬೆಲೆಗೆ ಮಾರಬಹುದೇ? ಬ್ಯಾಬಿಲೋನಿನ ಡಯೋಜಿನೀಸನು, ಕಾನೂನು ಹೇಳೆಂದಷ್ಟನ್ನು ಹೇಳಿದರೆ ಸಾಕು, ಹೇಳದಿರುವುದು ಬೇರೆ, ಮರೆಮಾಚುವುದು ಬೇರೆ ಎಂದು ವಾದಿಸಿದನಂತೆ. ಆಂಟಿಪೇಟರನು, ಮಾರುವವನಿಗೆ ತಿಳಿದಿರುವುದೆಲ್ಲ ಕೊಳ್ಳುವವನಿಗೂ ತಿಳಿಯಬೇಕೆಂದನು. ಈ ಇಬ್ಬರಲ್ಲಿ ಡಯೋಜಿನೀಸ್ ಗುರು, ಆಂಟಿಪೇಟರ್ ಶಿಷ್ಯ. ಶಿಷ್ಯನೇ ಗುರುವಿಗಿಂತ ಕಟ್ಟುನಿಟ್ಟಾಗಿದ್ದುದು ನಮ್ಮ ವೃತ್ತಿಯವರು ಮೆಲುಕು ಹಾಕಬೇಕಾದ ಸಂಗತಿ. ಸಿಸೆರೊ ಶಿಷ್ಯನ ಪಕ್ಷವನ್ನೇ ವಹಿಸಿದನು.

ಅಷ್ಟು ದೂರ ಹೋಗಬೇಕಾದದ್ದೂ ಇಲ್ಲ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಎಂದರೆ 1076ರಿಂದ 1126ರ ನಡುವಣ ಆಳ್ವಿಕೆಯಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ಜನರು ಆಸ್ತಿಯ ಪಾಲಿನ ಸಂಬಂಧದಲ್ಲಿ ಮಾತ್ರ ನೆನೆಯುತ್ತಾರೆ. ಕೊಂಡ ವಸ್ತುವನ್ನು ಪರೀಕ್ಷಿಸಲು ಎಷ್ಟು ದಿನವೆಂಬ ವಿಚಾರವೂ ಆ ಸ್ಮೃತಿಯಲ್ಲಿದೆ. ಕಬ್ಬಿಣಕ್ಕೆ ಒಂದು ದಿನ, ಕರೆಯುವ ದನಕ್ಕೆ ಮೂರು, ಹೊರೆ ಎಳೆಯುವ ಪ್ರಾಣಿಗೆ ಐದು, ರತ್ನಕ್ಕೆ ಏಳು, ಬೀಜಕ್ಕೆ ಹತ್ತು. ಮನುಷ್ಯರನ್ನು ಮಾರುತ್ತಿದ್ದ ಆ ಕಾಲದ ಪಟ್ಟಿಯಲ್ಲಿ ದಾಸದಾಸಿಯರೂ ಸೇರಿದ್ದಾರೆಂಬುದನ್ನು ಮುಚ್ಚಿಡುವುದು ಈ ಲೇಖನದ ವಿಷಯಕ್ಕೇ ಅಪಚಾರ. ಅದನ್ನು ಓದುವಾಗ ತಲೆ ತಗ್ಗುತ್ತದೆ. ಉಳಿದ ಲೆಕ್ಕದಲ್ಲಿ ವಿವೇಕವಿದೆ. ಒಂದೊಂದು ವಸ್ತುವೂ ತನ್ನ ದೋಷವನ್ನು ಹೊರಗೆಡಹಲು ಬೇಕಾಗುವಷ್ಟು ಕಾಲವನ್ನು ನೋಡಿಯೇ ದಿನಗಳನ್ನು ಗೊತ್ತುಮಾಡಿದಂತಿದೆ. ಮನುವಂತೂ, ಕೊಂಡು ಅಥವಾ ಮಾರಿ ಪಶ್ಚಾತ್ತಾಪಪಟ್ಟವನಿಗೆ ಹತ್ತು ದಿನಗಳೊಳಗೆ ಮರಳಿಸುವ ಅವಕಾಶವನ್ನೇ ಕೊಟ್ಟಿದ್ದಾನೆ. ನಮ್ಮ ಫಿಯೆಟ್ಟಿಗೆ ಎತ್ತಿನ ಐದು ದಿನ ಧಾರಾಳವಾಗಿ ಸಾಕು. ಪಾವಗಡವನ್ನು ಮುಟ್ಟುವುದರೊಳಗೆ ಅದು ತನ್ನ ಕಥೆಯನ್ನೆಲ್ಲ ಹೇಳಿಬಿಡುತ್ತಿತ್ತು.

ಎತ್ತಿನ ಮಾತು ಬಂದುದರಿಂದ ದನಗಳ ಜಾತ್ರೆಯೂ ನೆನಪಾಗುತ್ತದೆ. ದೊಡ್ಡಬಳ್ಳಾಪುರದ ಬಳಿಯ ಘಾಟಿ ಸುಬ್ರಹ್ಮಣ್ಯದ ಜಾತ್ರೆಯನ್ನು ಕಂಡವರಿಗೆ ಗೊತ್ತು. ದಳ್ಳಾಳಿಗಳು ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುತ್ತಾರೆ; ಪಕ್ಕದವನಿಗೂ ಅದು ತಿಳಿಯದು. ಎತ್ತು ಮಾತ್ರ ಬಯಲಿನಲ್ಲಿ ನಿಂತಿರುತ್ತದೆ. ಬಾಯಿ ಅಗಲಿಸಿ ಹಲ್ಲು ಎಣಿಸುತ್ತಾರೆ, ಸುಳಿ ನೋಡುತ್ತಾರೆ, ನಡೆಸಿ ನೋಡುತ್ತಾರೆ. ಮೋಟಾರಿನ ವ್ಯಾಪಾರದಲ್ಲಿ ಇದು ತಲೆಕೆಳಗಾಗಿದೆ. ಬೆಲೆಯನ್ನು ಊರಿಗೆಲ್ಲ ಕೂಗಿ ಹೇಳುತ್ತೇವೆ. ಟವಲು ಇಂಜಿನಿನ ಮೇಲೆ ಬಿದ್ದಿರುತ್ತದೆ. ಮಾಲಿಕತ್ವ ಬದಲಾದುದನ್ನು ಮಾರಿದವನು 14 ದಿನಗಳೊಳಗೆ ನೋಂದಣಿ ಅಧಿಕಾರಿಗೆ ತಿಳಿಸಬೇಕೆಂದು 1988ರ ಮೋಟಾರು ವಾಹನಗಳ ಅಧಿನಿಯಮ ಹೇಳುತ್ತದೆ. ನೋಂದಣಿ ಪುಸ್ತಕದಲ್ಲಿ ಇಂಜಿನಿನ ಸಂಖ್ಯೆ ಇರುತ್ತದೆ. ಅದು ಆಯಿಲು ಕುಡಿಯುವುದೋ ಇಲ್ಲವೋ ಎಂಬುದಕ್ಕೆ ಅಲ್ಲಿ ಅಂಕಣವಿಲ್ಲ. ಅತ್ತ ಇಟಲಿಯ ಆಲ್ಫಾ ರೋಮಿಯೊ ಮುಂತಾದ ಹಳೆಯ ಪಂದ್ಯದ ಮೋಟಾರುಗಳನ್ನು ಹರಾಜು ಹಾಕುವಲ್ಲಿ, ಇಂಜಿನನ್ನು ಬಿಚ್ಚಿ ಕಟ್ಟಬೇಕೆಂದು ಪಟ್ಟಿಯಲ್ಲಿಯೇ ಅಚ್ಚು ಹಾಕುವುದುಂಟು. ಅಲ್ಲಿ ಕೊಳ್ಳುವವರು ಗಾಡಿಯನ್ನು ಮನೆಯಲ್ಲಿ ಮೆರೆಸಲು ಕೊಳ್ಳುವ ಧನಿಕರು. ನಿಜ ಹೇಳಿದರೆ ಬೆಲೆ ಕುಸಿಯುವ ಭಯ ಅಷ್ಟಿಲ್ಲ. ಅಂತಹ ಕಡೆ ಪ್ರಾಮಾಣಿಕನಾಗಿರುವುದಕ್ಕೆ ಹೆಚ್ಚು ಖರ್ಚಾಗುವುದಿಲ್ಲವೆಂದು ನಮ್ಮ ಅನುಮಾನ.

ಇನ್ನೊಂದು ಮಾತನ್ನು ಹೇಳದೆ ಬಿಟ್ಟರೆ ವಾದ ಏಕಪಕ್ಷೀಯವಾಗುತ್ತದೆ. ಈ ಗಾಡಿ ನಮ್ಮ ಮನೆಗೆ ಬಂದದ್ದೇ ಒಂದು ಮೌನದ ಫಲವಾಗಿ. 1974ರಲ್ಲಿ ನಮ್ಮ ತಂದೆಯವರು ಇದನ್ನು ನೆರೆಯೂರಿನ ವೈದ್ಯರೊಬ್ಬರಿಂದ ಕೊಂಡರು. ಸಿಲಿಂಡರಿನ ಹೆಡ್ಡಿನಲ್ಲಿ ಬಿರುಕಿದ್ದು, ಅದನ್ನು ಬೆಸೆದು ಮುಚ್ಚಿದ್ದ ಸಂಗತಿ, ಹಿಂದೂಪುರದ ದಾರಿಯಲ್ಲಿ ನೀರು ಕುದಿದು ನಿಂತಾಗಲೇ ತಿಳಿದದ್ದು. ದುರಸ್ತಿಗೆ ಸಾಲ ಮಾಡಬೇಕಾಯಿತು. ಆದರೆ ಆ ಬಳಿಕ ಅದೇ ಗಾಡಿಯಲ್ಲಿ ಎಷ್ಟು ಮದುವೆ, ಎಷ್ಟು ಹೆರಿಗೆ, ಎಷ್ಟು ಜಾತ್ರೆ! ತಂದೆಯವರೇ ಮುಪ್ಪಿನಲ್ಲಿ ನಗುತ್ತ ಹೇಳುತ್ತಿದ್ದರು: “ಆ ಡಾಕ್ಟರು ಹೇಳಿಬಿಟ್ಟಿದ್ದರೆ ನಾನು ಕೊಳ್ಳುತ್ತಿರಲಿಲ್ಲ. ಹೇಳದ್ದೇ ಒಳ್ಳೆಯದಾಯಿತು.” ಫಲದಿಂದ ಕಾರ್ಯವನ್ನು ಅಳೆಯುವವರಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕದು. ನಾವೂ ಆ ಒಂಬತ್ತು ದಿನಗಳಲ್ಲಿ ಇದನ್ನು ಮತ್ತೆ ಮತ್ತೆ ನೆನೆದು ಸಮಾಧಾನಪಟ್ಟುಕೊಂಡೆವು. ಆಮೇಲೆ ಒಂದು ಸಂಗತಿ ಹೊಳೆಯಿತು. ತಂದೆಯವರು ಗಾಡಿಯನ್ನು ಕೊನೆಯವರೆಗೂ ಪ್ರೀತಿಸಿದರು. ಆದರೆ ಆ ವೈದ್ಯರ ಬಳಿ ಔಷಧಿಗೆ ಮತ್ತೆಂದೂ ಹೋಗಲಿಲ್ಲ. ಜ್ವರ ಬಂದರೆ ಹನ್ನೆರಡು ಮೈಲಿ ದೂರದ ಇನ್ನೊಬ್ಬರಲ್ಲಿಗೆ, ಅದೇ ಗಾಡಿಯಲ್ಲಿ ಹೋಗುತ್ತಿದ್ದರು.

ಪಾಠ ಹೇಳುತ್ತಿದ್ದ ಕಾಲದಲ್ಲಿ ಒಮ್ಮೆ ಪುಣ್ಯಕೋಟಿಯ ಕಥೆ ಮುಗಿದ ಮೇಲೆ ತರಗತಿಯಲ್ಲಿ ಕೇಳಿದ್ದೆವು: ಎತ್ತಿಗೆ ಒಂದು ಕಾಲು ನೋವಿದೆ, ಸಂತೆಗೆ ಹೊಡೆದಿದ್ದೀರಿ, ಹೇಳುತ್ತೀರಾ? ಕೇಳಿದರೆ ಹೇಳಬೇಕು, ಕೇಳದಿದ್ದರೆ ಬೇಡವೆಂದರು ಹೆಚ್ಚಿನ ಮಕ್ಕಳು. ಡಯೋಜಿನೀಸನ ಹೆಸರನ್ನೇ ಅರಿಯದ ಆ ಮಕ್ಕಳು ಅವನ ಪಕ್ಷವನ್ನೇ ಹಿಡಿದಿದ್ದರು. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, “ಕೊಂಡೋರಿಗೆ ನಮ್ಮೂರು ಗೊತ್ತಿದ್ರೆ ಹೇಳ್ಬೇಕು ಸಾರ್” ಎಂದಳು. ತರಗತಿ ನಕ್ಕಿತು, ನಾವೂ ನಕ್ಕೆವು. ಈಗ ಆಲೋಚಿಸಿದರೆ ಲೋಕ ನಡೆಯುವ ರೀತಿಯನ್ನು ಅವಳಷ್ಟು ಸರಿಯಾಗಿ ಯಾರೂ ಹೇಳಿಲ್ಲ. ನಮ್ಮ ಸತ್ಯಕ್ಕೆ ಒಂದು ಎಲ್ಲೆಯಿದೆ. ಗುರುತಿನವರಿಗೆ ಒಂದು ಅಳತೆ, ಆಚೆಯವರಿಗೆ ಇನ್ನೊಂದು. ಎಲ್ಲೆಗಳ ವಿಷಯ ನಮ್ಮ ಸೀಮೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಸೇರಿತು. ಅನಂತಪುರ ಜಿಲ್ಲೆಯಲ್ಲಿದ್ದ ಮಡಕಶಿರಾ 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಯ ಪಾಲಾಯಿತು. ಪಾವಗಡದ ಮೇಲೆ ರಾಯದುರ್ಗಕ್ಕೆ ಹೋಗುವವನು ಆಂಧ್ರದಿಂದ ಹೊರಟು ಕರ್ನಾಟಕವನ್ನು ಹೊಕ್ಕು ಮತ್ತೆ ಆಂಧ್ರಕ್ಕೆ ಬರುತ್ತಾನೆ. ಹೊಲ ಅದೇ, ಮಾತು ಅದೇ. ಯಾರು ನಮ್ಮವರು, ಯಾರು ಹೊರಗಿನವರು ಎಂಬ ಗೆರೆಯನ್ನು ಬೇರೆಯವರು ಎಳೆದಾಗ ನೊಂದ ನಾವು, ಸಂತೆಯಲ್ಲಿ ಅದೇ ಗೆರೆಯನ್ನು ಕೈಯಾರೆ ಎಳೆಯುತ್ತಿದ್ದೇವೆ.

ಇಷ್ಟನ್ನು ಯೋಚಿಸಿದ ಮೇಲೆ ನಮಗೆ ತೋರುವುದು ಇಷ್ಟು. ಗಾಡಿಯೊಡನೆ ಅದರ ಜ್ಯಾಕು, ಸ್ಟೆಪ್ನಿ, ನೋಂದಣಿ ಪುಸ್ತಕ ಹೋಗುತ್ತವೆ. ಐವತ್ತು ವರ್ಷ ಅದನ್ನು ಓಡಿಸಿ ನಾವು ಪಡೆದ ಅರಿವೂ ಗಾಡಿಯದೇ. ಎರಡನೆಯ ಗೇರು ಬೀಳುವಾಗ ಕೈ ಹೇಗೆ ತಿರುವಬೇಕೆಂದು ಕೊಂಡವನಿಗೆ ಸಂತೋಷದಿಂದ ಹೇಳುವ ನಾವು, ಇಂಜಿನಿನ ಬಡಿತದ ವಿಷಯವನ್ನು ಮಾತ್ರ ಸ್ವಂತ ಆಸ್ತಿಯಂತೆ ಉಳಿಸಿಕೊಳ್ಳುವುದು, ಪೂರ್ತಿ ಬೆಲೆ ಪಡೆದು ಸಾಮಾನಿನಲ್ಲಿ ಒಂದು ಭಾಗವನ್ನು ಕಳಚಿ ಇಟ್ಟುಕೊಂಡಂತೆಯೇ. ಕೊಳ್ಳುವವನು ಶಿಷ್ಯನೋ ಅಪರಿಚಿತನೋ ಎಂಬುದರಿಂದ ಈ ಲೆಕ್ಕ ಬದಲಾಗದು. ಬೆಲೆಯ ವಿಷಯ ಬೇರೆ. ಬೆಲೆಯಲ್ಲಿ ಜಗ್ಗಾಡುವ ಹಕ್ಕು ಇಬ್ಬರಿಗೂ ಇದೆ. ಅದನ್ನು ಟವಲಿನ ಕೆಳಗೇ ಇಟ್ಟುಕೊಳ್ಳಲಿ.

ಮುಂಗಡ ಪಡೆದ ಒಂಬತ್ತನೆಯ ದಿನ ಹುಡುಗನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆವು. ಮನುವಿನ ಲೆಕ್ಕದಲ್ಲಿ ಇನ್ನೂ ಒಂದು ದಿನ ಉಳಿದಿತ್ತು. ಅವನು ಬಹಳ ಹೊತ್ತು ಮಾತಾಡಲಿಲ್ಲ. “ಎಷ್ಟು ಖರ್ಚಾಗುತ್ತೆ ಸಾರ್?” ಎಂದನು. ಮೇಸ್ತ್ರಿಯ ಅಂದಾಜನ್ನು ಹೇಳಿದೆವು. “ಮೊದಲೇ ಗೊತ್ತಿತ್ತಾ?” ಎಂದನು. ಹೌದೆಂದೆವು. ಮನೆಯಲ್ಲಿ ಕೇಳಿ ಹೇಳುತ್ತೇನೆಂದು ಫೋನು ಇಟ್ಟನು. ಮುಂಗಡವನ್ನು ಹಿಂದಿರುಗಿಸಿ ಮೂರು ವಾರಗಳಾದುವು; ಅವನಿಂದ ಸುದ್ದಿ ಬಂದಿಲ್ಲ. ಹೇಳಿದ ದಿನ ನಮ್ಮಲ್ಲಿ ಒಂದು ಬಗೆಯ ಹೆಮ್ಮೆ ಮೂಡಿದ್ದುದು ನಿಜ. ರಾತ್ರಿ ಮಾಳಿಗೆಯಿಂದ ಮಣ್ಣು ಉದುರುವ ಸದ್ದಿಗೆ ಅದು ಎರಡೇ ದಿನಗಳಲ್ಲಿ ಇಳಿದುಹೋಯಿತು.

ಮೊನ್ನೆ ಬೆಂಗಳೂರಿನಿಂದ ದಳ್ಳಾಳಿಯೊಬ್ಬರು ಫೋನು ಮಾಡಿದ್ದರು. ನಮ್ಮ ಊರನ್ನಾಗಲಿ ಹೆಸರನ್ನಾಗಲಿ ಅವರು ಅರಿಯರು. ಬಣ್ಣ ಯಾವುದು, ಕಾಗದಪತ್ರಗಳು ಸರಿಯಾಗಿವೆಯೇ ಎಂದಷ್ಟೇ ವಿಚಾರಿಸಿದರು. ಇಂಜಿನಿನ ಮಾತನ್ನು ಎತ್ತಲಿಲ್ಲ. ಭಾನುವಾರ ಬರುವರಂತೆ. ನಾವು ಮೇಸ್ತ್ರಿಯನ್ನು ಕರೆಸಿ ಹೆಡ್ಡನ್ನು ಬಿಚ್ಚಿಸಿದೆವು. ಅವನು ಗೊಣಗುತ್ತಲೇ ಅಳೆದನು. ನಾಲ್ಕು ಸಿಲಿಂಡರುಗಳೂ ಸವೆದಿವೆ, ಮೂರನೆಯದರ ಗೋಡೆಯಲ್ಲಿ ಉಗುರಿಗೆ ಸಿಕ್ಕುವಷ್ಟು ಗೀರಿದೆ. ಅದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ನೋಂದಣಿ ಪುಸ್ತಕದೊಳಗೆ ಇಟ್ಟಿದ್ದೇವೆ. ಬೆಲೆಯನ್ನು ಬರೆಯಬೇಕಾದ ಜಾಗವನ್ನು ಮಾತ್ರ ಇನ್ನೂ ಖಾಲಿ ಬಿಟ್ಟಿದ್ದೇವೆ.